ಬೆಳಕಿರುವ ಟೇಬಲ್ಲು

"ಅಲ್ಲಿ ಬೇಡ," ಎಂದ ಅವನು.

"ಯಾಕೆ? ಆ ಹೋಟೆಲಿಗೆ ಏನು ಬಂದಿದೆ ಧಾಡಿ?"

"ಒಳಗೆ ಕತ್ತಲೆ."

"ಅದಕ್ಕೆ ಕತ್ತಲೆ ಅನ್ನಲ್ಲ ರೀ, ಮಂದ ಬೆಳಕು ಅಂತಾರೆ. ಟೇಬಲ್ ಟೇಬಲ್ಲಿಗೂ ಮೇಣದಬತ್ತಿ ಇಟ್ಟಿದಾರೆ ನೋಡಿ. ಎಷ್ಟು ಚೆಂದ!"

"ಕರೆಂಟ್ ಬಿಲ್ ಉಳಿಸೋ ಉಪಾಯ ಅದು. ಮುಂದೆ ನಡೀರಿ."

ಅವಳು ಫುಟ್‌ಪಾತಿನ ಮೇಲೇ ನಿಂತು, ಸೊಂಟಕ್ಕೆ ಕೈಯಿಟ್ಟು, ಅವನನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ಅಳೆದಳು. ತುಟಿಯ ಮೂಲೆಯಲ್ಲಿ ಒಂದು ನಗು ಸಿಕ್ಕಿಕೊಂಡಿತ್ತು. ಅದನ್ನು ಹೊರಗೆ ಬಿಡಬೇಕೋ ಬೇಡವೋ ಎಂದು ಅವಳೇ ಯೋಚಿಸುತ್ತಿದ್ದಂತಿತ್ತು.

"ನಿಮಗೆ ಬೆಳಕೇ ಬೇಕು, ಅಲ್ವಾ?"

"ಹೌದು."

"ಯಾಕಂತ ನನಗೆ ಗೊತ್ತು ಬಿಡಿ."

ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ನಾಚಿಕೆಗೇಡಿನ ಸಂಗತಿ ಅದೇ.

ಅವನು ಅಡುಗೆಯವನು. ಸಿಟ್ಟು ಸದಾ ಮೂಗಿನ ತುದಿಯಲ್ಲೇ ಇರುತ್ತಿದ್ದುದರಿಂದ ಹೋಟೆಲಿನವರೆಲ್ಲ ಅವನನ್ನು ಕೆಂಡ ಎನ್ನುತ್ತಿದ್ದರು. ಅವಳು ಅದೇ ಹೋಟೆಲಿನ ಗಲ್ಲಾದಲ್ಲಿ ಕೂರುವವಳು, ಬಂದ ಗಿರಾಕಿಗಳನ್ನೆಲ್ಲ "ಚಿಲ್ಲರೆ ಇಲ್ವಾ?" ಎಂದು ಪೀಡಿಸಿ ಪೀಡಿಸಿ ಅವಳ ಹೆಸರೇ ಚಿಲ್ಲರೆ ಎಂದಾಗಿತ್ತು. ಹೋಟೆಲಿನ ಒಡತಿ ಅವಳ ತಾಯಿಯ ಅಕ್ಕ. ಅವಳು ದೊಡ್ಡಮ್ಮ ಎಂದು ಕರೆಯುತ್ತಿದ್ದಳೆಂದು ಪಾತ್ರೆ ತೊಳೆಯುವವರು, ತರಕಾರಿ ಗಾಡಿಯವನು, ಕೊನೆಗೆ ಒಡತಿಗಿಂತ ವಯಸ್ಸಾದ ಗಿರಾಕಿಗಳೂ ದೊಡ್ಡಮ್ಮ ಎಂದೇ ಕರೆಯುತ್ತಿದ್ದರು.

ಎದುರಿನ ಬೀದಿಯನ್ನು ಅಗಲ ಮಾಡಿದ್ದೇ ಮಾಡಿದ್ದು, ಅಲ್ಲಿ ನಾಯಿಕೊಡೆಗಳ ಹಾಗೆ ಹೊಸ ಹೋಟೆಲುಗಳು ಎದ್ದವು. ಹಳೆಯ ಗಿರಾಕಿಗಳು ಬಾಗಿಲಲ್ಲಿ ಇಣುಕಿ, "ಹೊಸದೇನಿದೆ?" ಎಂದು ಕೇಳಿ, ಹೊಸದೇನೂ ಇಲ್ಲವೆಂದರೆ ಆ ಕಡೆ ದಾಟಿಬಿಡುತ್ತಿದ್ದರು. ವರ್ಷಗಟ್ಟಲೆ ಇವನ ಕೈಯ ಅನ್ನ ತಿಂದವರು! ಒಬ್ಬೊಬ್ಬರ ಕತ್ತಿನ ಪಟ್ಟಿ ಹಿಡಿದು ಎಳೆದು ತರಬೇಕೆನಿಸುತ್ತಿತ್ತು ಅವನಿಗೆ.

ದೊಡ್ಡಮ್ಮ ಮಾತ್ರ ತಣ್ಣಗೆ ಹೇಳಿದ್ದರು, "ಬೈದ್ರೆ ಯಾರೂ ಬರಲ್ಲ ಕಣೋ. ಸೋಮವಾರ ನಮಗೆ ರಜೆ. ನೀನೂ ಅವಳೂ ಹೋಗಿ, ಆ ಹೊಸ ಹೋಟೆಲುಗಳಲ್ಲಿ ತಿಂದು ಬನ್ನಿ. ಜನ ಯಾತಕ್ಕೆ ಸಾಯ್ತಾರೆ ನೋಡಿ. ಅದನ್ನೇ ಮಂಗಳವಾರ ನಮ್ಮಲ್ಲಿ ಮಾಡು."

"ಅಡುಗೆಯವನು ಅಂತ ಗುರುತು ಹಿಡಿದ್ರೆ?"

"ಗಂಡ ಹೆಂಡ್ತಿ ಥರ ಕೂತ್ಕೊಳ್ಳಿ. ಯಾರೂ ತಿರುಗಿ ನೋಡಲ್ಲ."

ಅವಳು ಗಲ್ಲಾದ ಹಿಂದಿನಿಂದ ಕೇಳಿದ್ದಳು, "ಗಂಡ ಹೆಂಡ್ತಿ ಹೇಗೆ ಕೂತ್ಕೊಳ್ತಾರೆ ದೊಡ್ಡಮ್ಮ?"

"ಇಬ್ಬರೂ ಫೋನ್ ನೋಡ್ಕೊಂಡು."

ಹಾಗೆ ಶುರುವಾಗಿತ್ತು ಈ ಸೋಮವಾರಗಳ ತಿರುಗಾಟ. ಯಾವ ಹೋಟೆಲಿಗೆ ಹೋಗುವುದು ಎಂಬುದೇ ಪ್ರತಿ ವಾರದ ಮೊದಲ ಜಗಳ. ಅವಳದೊಂದು ವಿದ್ಯೆ ಇತ್ತು. ಬಾಗಿಲೆದುರು ನಿಂತು, ಹೊರಗೆ ಬರುವವರನ್ನು ನೋಡುವುದು. "ಹೊಟ್ಟೆ ಸವರ್ಕೊಂಡು ಬಂದ್ರೆ ಊಟ ಚೆನ್ನಾಗಿದೆ. ಪರ್ಸ್ ಸವರ್ಕೊಂಡು ಬಂದ್ರೆ ಬಿಲ್ ಜಾಸ್ತಿ. ಗಂಡ ಮುಂದೆ, ಹೆಂಡ್ತಿ ಹಿಂದೆ, ಮಾತೇ ಇಲ್ಲ ಅಂದ್ರೆ, ಯಾರೋ ಒಬ್ರು ಆರಿಸಿದ್ದು ಇನ್ನೊಬ್ರಿಗೆ ಹಿಡಿಸಿಲ್ಲ." ಅವನದು ಒಂದೇ ಪ್ರಶ್ನೆ. ಒಳಗೆ ಬೆಳಕಿದೆಯೇ?

ಬೆಳಕಿದ್ದರೆ ಸಾಲದು. ಅವಳು ಕಿಟಕಿಗೆ ಮುಖ ಮಾಡಿ ಕೂರಬೇಕು, ಅವನು ಅವಳಿಗೆ ಎದುರು. ಮೊದಮೊದಲು ಅವಳನ್ನು ಹಾಗೆ ಕೂರಿಸಲು ಏನಾದರೊಂದು ನೆವ ಹುಡುಕುತ್ತಿದ್ದ. ಈಗ ಅವಳೇ ಬಂದು ಬೆಳಕಿನ ಕುರ್ಚಿಯಲ್ಲಿ ಕೂರುತ್ತಿದ್ದಳು.

ಆ ದಿನವೂ ಕೂತಳು. ಬಿಳಿ ಗೋಡೆ, ದೊಡ್ಡ ಕಿಟಕಿ, ಮಧ್ಯಾಹ್ನದ ಬಿಸಿಲು ಅವಳ ಕೆನ್ನೆಯ ಮೇಲೆ. ಸೂಪು ಬಂತು. ಅವಳು ಚಮಚ ಎತ್ತಿದಳು. ಅವನು ಉಸಿರು ಹಿಡಿದ.

ಅವಳ ಎಡ ಹುಬ್ಬು ತುಸು ಮೇಲಕ್ಕೆ ಹೋಯಿತು. ನಿಂಬೆ. ಮೂಗಿನ ಹೊಳ್ಳೆ ಅರಳಿತು. ಶುಂಠಿ, ಅದೂ ಹುರಿದದ್ದಲ್ಲ, ಹಸಿಯದು. ನಾಲಿಗೆಯ ತುದಿ ಮೇಲ್ದುಟಿಯನ್ನು ಸವರಿ ಒಳಗೆ ಹೋಯಿತು. ಉಪ್ಪು ಒಂದು ಹರಳು ಜಾಸ್ತಿ. ಆಮೇಲೆ ಕಣ್ಣು ಅರ್ಧ ಮುಚ್ಚಿ, ಚಮಚವನ್ನು ಬಾಯಿಂದ ತೆಗೆಯಲು ಮರೆತು ಕೂತಳು. ಬೆಣ್ಣೆ. ಕೊನೆಗೆ ಹಾಕಿದ ಬೆಣ್ಣೆ.

"ತಿನ್ನೋದು ಬಿಟ್ಟು ನನ್ನೇ ನೋಡ್ತಿದೀರಲ್ಲ," ಎಂದಳು ಅವಳು, ಬಟ್ಟಲಿಗೆ ಹೇಳುವಂತೆ.

"ಇಲ್ವಲ್ಲ."

"ಹೀಗೆ ನೋಡಿದ್ರೆ ನೀವು ನನ್ನ ಗಂಡ ಅಂತ ಯಾರೂ ನಂಬಲ್ಲ. ಫೋನ್ ತೆಗೀರಿ."

ಅವನ ಕಿವಿ ಕೆಂಪಾಯಿತು. ಅವಳು ಅದನ್ನೂ ನೋಡಿದಳು. ಕಿವಿಯ ಹಿಂದಕ್ಕೆ ಕೂದಲು ಸರಿಸಿಕೊಂಡಾಗ ಹೊಸ ಓಲೆ ಕಂಡಿತು, ನೀಲಿ ಕಲ್ಲಿನದು. ಕಿಟಕಿಯ ಬೆಳಕಿಗೆ ಅದು ಒಮ್ಮೆ ಮಿಂಚಿತು. ಅದನ್ನು ಯಾರಿಗಾಗಿ ಹಾಕಿಕೊಂಡಿದ್ದಾಳೆಂದು ತಿಳಿಯದಷ್ಟು ದಡ್ಡ ಅವನಾಗಿರಲಿಲ್ಲ. ಅವನು ತಲೆ ತಗ್ಗಿಸಿ ಸೂಪು ಕುಡಿದ. ಬಿಸಿಯಾಗಿತ್ತು. ಅಷ್ಟೇ ಗೊತ್ತಾದದ್ದು.

ಚಳಿಗಾಲದ ಮೊದಲಲ್ಲಿ ಬಂದ ಜ್ವರ ಜ್ವರದ ಹಾಗೆಯೇ ಹೋಗಿತ್ತು, ಆದರೆ ಹೋಗುವಾಗ ಅವನ ಮೂಗನ್ನೂ ಹೊತ್ತುಕೊಂಡು ಹೋಗಿತ್ತು. ನಾಲಿಗೆಗೆ ಉಪ್ಪಿದೆ, ಸಿಹಿಯಿದೆ ಎಂದು ಮಂಕಾಗಿ ತಿಳಿಯುತ್ತಿತ್ತು, ಹುಳಿ ಚುರುಕ್ಕೆನ್ನುತ್ತಿತ್ತು. ಪರಿಮಳ ಸತ್ತಿತ್ತು. ಒಗ್ಗರಣೆಯೂ ಒಂದೇ, ಒದ್ದೆ ಗೋಣಿಚೀಲವೂ ಒಂದೇ. ಡಾಕ್ಟರು, "ಬರಬಹುದು, ಬರದೆಯೂ ಇರಬಹುದು," ಎಂದು ಹೇಳಿ ಮುಂದಿನವರನ್ನು ಕರೆದಿದ್ದರು. ಅವರಿಗೇನು? ಅವರು ಮೂಗಿನಿಂದ ಹೊಟ್ಟೆ ಹೊರೆಯುವವರೇ?

ಮೀಸೆ ಚಿಗುರುವ ಮೊದಲೇ ಒಲೆಯ ಮುಂದೆ ನಿಂತವನು ಅವನು. ಹೊಸ್ತಿಲಲ್ಲಿ ನಿಂತೇ ಪಾತ್ರೆಯಲ್ಲಿ ಏನು ಕಡಿಮೆಯೆಂದು ಹೇಳಿಬಿಡುತ್ತಿದ್ದ, ಅದಕ್ಕೇ ಮೆರೆಯುತ್ತಿದ್ದ. ಈಗ ಆ ಮೂಗಿನಲ್ಲಿ ಸಿಟ್ಟೊಂದನ್ನು ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಹಳೆಯ ಅಡುಗೆಗಳನ್ನು ಕೈ ತಾನಾಗಿ ಮಾಡುತ್ತಿತ್ತು. ಹೊಸದಕ್ಕೆ ಮಾತ್ರ ಕೈಗೆ ನೆನಪಿಲ್ಲವಲ್ಲ. ಹಾಗಾಗಿ ಅವಳ ಮುಖವನ್ನು ಕದ್ದ. ಸರಿಯಾದ ಮಾತು ಅದೇ: ಕದ್ದ. ಅವಳ ಹುಬ್ಬು, ಹೊಳ್ಳೆ, ತುಟಿಗಳನ್ನು ಹೆಕ್ಕಿ ತಂದು ಮಂಗಳವಾರದ ಪಾತ್ರೆಗೆ ಸುರಿಯುತ್ತಿದ್ದ.

ಆ ಮಂಗಳವಾರದ ಸೂಪು ಮಧ್ಯಾಹ್ನಕ್ಕೇ ಖಾಲಿಯಾಯಿತು. ದೊಡ್ಡಮ್ಮ ತಾವೇ ಅಡುಗೆಮನೆಗೆ ಬಂದರು.

"ನಿನ್ನ ನಾಲಿಗೆಗೆ ಚಿನ್ನದ ತಗಡು ಹೊಡಿಸ್ಬೇಕು ಕಣೋ!"

ಅವನು ಒಲೆಯ ಕಡೆ ತಿರುಗಿ ನಿಂತ. ಹೊಗಳಿಕೆ ಬೆನ್ನಿಗೆ ಬಿದ್ದರೆ ಅಷ್ಟು ಉರಿಯಲಾರದು ಎಂದುಕೊಂಡ. ಉರಿಯಿತು.

"ಇನ್ನೊಂದು ವಿಷಯ," ಎಂದು ದೊಡ್ಡಮ್ಮ ದನಿ ತಗ್ಗಿಸಿದರು. "ನಿಮ್ಮಕ್ಕನ ನಂಬರ್ ಕೊಡು."

"ಯಾಕೆ ದೊಡ್ಡಮ್ಮ?"

"ನೀನು ನೋಡೋ ನೋಟ ನೋಡಿ ಹುಡುಗಿ ನಿದ್ದೆ ಕೆಡಿಸ್ಕೊಂಡಿದಾಳೆ, ಗೊತ್ತಾ? ಹಿರಿಯರು ಸುಮ್ನೆ ಕೂತ್ಕೊಳ್ಳೋಕಾಗುತ್ತಾ?"

ಈಗ ಹೇಳಿಬಿಡಬೇಕು, ಎಂದುಕೊಂಡ. ಹೇಳಿದರೆ ಒಲೆ ಹೋಗುತ್ತದೆ. ಅದು ಹೋದರೂ ಹೋಗಲಿ, ಸೋಮವಾರ ಹೋಗುತ್ತದೆ. ಆ ಎರಡನೆಯ ಯೋಚನೆ ಎಲ್ಲಿಂದ ಬಂತೆಂದು ಅವನಿಗೇ ಅರ್ಥವಾಗಲಿಲ್ಲ. ಬಾಯಿ ತೆರೆದ, ಹೊರಗೆ ಬಂದದ್ದು ಅಕ್ಕನ ನಂಬರು.

ಮುಂದಿನ ಸೋಮವಾರ ಅವಳು ಮಾತಿಗೇ ಅವಕಾಶ ಕೊಡಲಿಲ್ಲ.

"ಇವತ್ತು ಆರಿಸೋದು ನಾನು. ಬಾಯಿ ತೆಗೆದ್ರೆ ನೋಡಿ."

ಮೇಣದಬತ್ತಿಯ ಹೋಟೆಲು. ಕಿಟಕಿಗಳಿಗೆ ಕಪ್ಪು ಪರದೆ, ನಡುಹಗಲಿನಲ್ಲೂ ಒಳಗೆ ಮುಸ್ಸಂಜೆ. ಅವನು ಎದುರು ಕೂರಲು ಹೊರಟರೆ ಅವಳು ಸೋಫಾದ ಮೇಲೆ ತನ್ನ ಪಕ್ಕವನ್ನು ತಟ್ಟಿ ತೋರಿಸಿದಳು. ಕೂತ. ಅವಳ ತೋಳು ಅವನ ತೋಳಿಗೆ ತಾಗಿತು. ಇಬ್ಬರಲ್ಲಿ ಯಾರೂ ಸರಿಯಲಿಲ್ಲ. ಇಷ್ಟು ಹತ್ತಿರವಿದ್ದಾಳೆ, ಆದರೆ ಮುಖ ಮಾತ್ರ ಕಾಣದು. ಮೇಣದಬತ್ತಿ ತನ್ನನ್ನು ತಾನೇ ಬೆಳಗಿಕೊಳ್ಳುವುದರಲ್ಲಿ ಮುಳುಗಿತ್ತು.

"ನಿಮ್ಮಕ್ಕ ದೊಡ್ಡಮ್ಮನ ಹತ್ರ ಮಾತಾಡಿದ್ರಂತೆ," ಎಂದಳು, ನ್ಯಾಪ್‌ಕಿನ್ನಿನ ಅಂಚು ಮಡಚುತ್ತ. "ಏನಂದ್ರಂತೆ ಗೊತ್ತಾ? ಅವನ ಸಿಟ್ಟು ತಡ್ಕೊಳ್ಳೋಳಿದ್ರೆ ಇವತ್ತೇ ಕರ್ಕೊಂಡು ಹೋಗಿ ಅಂದ್ರಂತೆ."

ಅವನು ಏನೋ ಹೇಳಬೇಕೆನ್ನುವಷ್ಟರಲ್ಲಿ ಮೀನು ಬಂತು. ಬಾಳೆಲೆಯೂ ಅಲ್ಲದ, ತಟ್ಟೆಯೂ ಅಲ್ಲದ ಒಂದು ಕರಿಯ ಕಲ್ಲಿನ ಮೇಲೆ, ಮೇಲೆ ಸೊಪ್ಪು ಉದುರಿಸಿಕೊಂಡು.

"ಇವತ್ತು ನೀವು ಮೊದಲು ತಿನ್ನಿ," ಎಂದಳು. "ನಿಮ್ಮ ಬಾಯಿಂದ ಕೇಳ್ಬೇಕು. ಹೇಗಿದೆ ಹೇಳಿ."

ಒಂದು ತುತ್ತು ತಿಂದ. ಉಪ್ಪು ಸರಿ ಇದ್ದಂತಿತ್ತು. ಮೆತ್ತಗಿತ್ತು. ಇನ್ನೊಂದು ತುತ್ತು, ಮತ್ತೊಂದು, ಅರ್ಧ ಮೀನೇ ಮುಗಿಯಿತು. ಆರ್ಡರು ತಂದವನು ಪಕ್ಕದಲ್ಲೇ ನಿಂತು ಕಾಯುತ್ತಿದ್ದ.

"ಬಹಳ ಚೆನ್ನಾಗಿದೆ," ಎಂದ ಅವನು, ಅನುಭವಸ್ಥನ ಗತ್ತಿನಲ್ಲಿ. "ಮೀನು ಹೊಸದು. ಇವತ್ತು ಬೆಳಿಗ್ಗೆ ಬಂದಿದ್ದು. ಹದ ಅಂದ್ರೆ ಇದು."

ಅವಳು ಆಸೆಯಿಂದ ಒಂದು ತುತ್ತು ಬಾಯಿಗಿಟ್ಟಳು. ಮರುಕ್ಷಣ ನ್ಯಾಪ್‌ಕಿನ್ನಿಗೆ ಉಗಿದಳು.

"ಕೆಂಡ... ಇದು ಕೆಟ್ಟಿದೆ. ನಾರ್ತಾ ಇದೆ!"

ಮ್ಯಾನೇಜರು ಓಡಿ ಬಂದ, ಬಗ್ಗಿ ಮೂಸಿದ, ಬಿಳಿಚಿಕೊಂಡ. ಕೈ ಮುಗಿಯುವುದೊಂದು ಬಾಕಿ. ಫ್ರಿಜ್ ಕೈ ಕೊಟ್ಟಿತ್ತು ಎಂದ, ಕ್ಷಮಿಸಿ ಎಂದ. ಆಮೇಲೆ ಕಲ್ಲಿನ ಮೇಲೆ ಉಳಿದ ಮುಳ್ಳುಗಳನ್ನು ನೋಡಿ ಕೇಳಿದ, "ಸರ್... ನೀವು ಇಷ್ಟೊಂದು ತಿಂದ್ರಾ?"

ಪಕ್ಕದ ಟೇಬಲ್ಲಿನಿಂದ ಒಬ್ಬ, "ಪಾಪ, ಹೆಂಡ್ತಿ ಏನ್ ಬಡಿಸಿದ್ರೂ ಚೆನ್ನಾಗಿದೆ ಅನ್ನೋ ಅಭ್ಯಾಸ," ಎಂದ. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಅವನನ್ನೇ ನೋಡುತ್ತಿದ್ದಳು, ಲೆಕ್ಕ ತಾಳೆಯಾಗದಾಗ ಗಲ್ಲಾದಲ್ಲಿ ನೋಡುವ ಹಾಗೆ.

ಆ ನೋಟವನ್ನು ತಾಳಲಾರದೆ ಅವನು ಎದ್ದು ನಿಂತ. ಅವಮಾನಕ್ಕೆ ಬೇರೆ ದಾರಿ ಸಿಗದೆ ಸಿಟ್ಟಾಗಿ ಹೊರಬಿತ್ತು.

"ನಿನಗೇನು ಗೊತ್ತು ರುಚಿ? ಗಲ್ಲಾ ಮೇಲೆ ಕೂತು ಚಿಲ್ಲರೆ ಎಣಿಸೋಳು ನೀನು! ಅಡುಗೆಯವನಿಗೆ ಕಲಿಸೋಕೆ ಬರ್ತೀಯಾ?"

ಅದುವರೆಗೆ ಅವನು ಅವಳಿಗೆ 'ನೀನು' ಎಂದವನಲ್ಲ. ಎಂದಾದರೊಂದು ದಿನ ಅವನು ಹಾಗೆ ಕರೆಯಲೆಂದು ಅವಳು ಕಾದಿದ್ದಳೇನೋ. ಹೀಗಲ್ಲ. ಅವಳು ಚೀಲ ಎತ್ತಿಕೊಂಡು ಆ ಮುಸ್ಸಂಜೆಯಿಂದ ಹೊರಗಿನ ಬಿಸಿಲಿಗೆ ನಡೆದುಹೋದಳು.

ಮಂಗಳವಾರ ಅವನಿಗೆ ಕೆಲಸಕ್ಕೆ ಹೋಗಲಾಗಲಿಲ್ಲ. ಮೀನು ತನ್ನ ಕೆಲಸ ಮಾಡಿತ್ತು. ಹೊಟ್ಟೆ ಹಿಡಿದುಕೊಂಡು, ಬಾಡಿಗೆ ಕೋಣೆಯ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಹೊಟ್ಟೆನೋವಿಗಿಂತ 'ಚಿಲ್ಲರೆ ಎಣಿಸೋಳು' ಎಂಬ ಮಾತೇ ಕರುಳನ್ನು ಹೆಚ್ಚು ಹಿಂಡುತ್ತಿತ್ತು. ಒಲೆಯ ಮೇಲೆ ಗಂಜಿಗೆ ಇಟ್ಟು ಬಂದಿದ್ದ. ಅದು ಮರೆತೇ ಹೋಗಿತ್ತು.

ಬಾಗಿಲು ದಡಾರನೆ ತೆರೆಯಿತು.

"ಅಯ್ಯೋ, ಏನ್ರೀ ಇದು!" ಅವಳ ದನಿ. ಕೈಯಲ್ಲಿದ್ದ ಔಷಧಿ ಚೀಲ ಎಸೆದು, ಓಡಿ ಹೋಗಿ ಒಲೆ ಆರಿಸಿದಳು. ಪಾತ್ರೆ ತಳ ಹಿಡಿದು ಕರಕಲಾಗಿತ್ತು. "ಮೆಟ್ಟಿಲ ಕೆಳಗಿನಿಂದಲೇ ಸೀದ ವಾಸನೆ! ಇಲ್ಲೇ ಮಲಗಿದೀರಾ, ನಿಮಗೆ..."

ಮಾತು ಅಲ್ಲೇ ನಿಂತಿತು. ಅವನು ಎದ್ದು ಕೂತ. ಅವಳು ಕರಕಲು ಪಾತ್ರೆಯನ್ನು ನೋಡಿದಳು, ಅವನ ಮೂಗನ್ನು ನೋಡಿದಳು.

"ಯಾವಾಗಿಂದ?" ಎಂದಳು ಮೆಲ್ಲಗೆ.

"ಜ್ವರ ಬಂದಾಗಿಂದ."

"ನಿನ್ನೆ ಮೀನು?"

"ಗೊತ್ತಾಗ್ಲಿಲ್ಲ."

"ಮತ್ತೆ ಆ ಸೂಪು? ಅದಕ್ಕಿಂತ ಮುಂಚಿನವು? ಅಷ್ಟೂ ಹೇಗೆ ಮಾಡಿದ್ರಿ?"

ಸುಳ್ಳು ಹೇಳಬಹುದಿತ್ತು. ಆದರೆ ಔಷಧಿ ತಂದವಳ ಮುಂದೆ ಇನ್ನೂ ಒಂದು ಸುಳ್ಳೇ? ಅವನು ಚಾಪೆಯ ಅಂಚನ್ನು ನೋಡುತ್ತ ಹೇಳಿದ, "ನಿಮ್ಮ ಮುಖ ನೋಡಿ. ಹುಳಿಗೆ ಹುಬ್ಬು ಏರುತ್ತೆ. ಉಪ್ಪು ಜಾಸ್ತಿ ಆದ್ರೆ ತುಟಿ ಸವರ್ತೀರ. ಅದಕ್ಕೇ ಬೆಳಕು ಬೇಕಿತ್ತು."

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅವನು ಆ ಮುಖದಲ್ಲಿ ಇನ್ನೇನನ್ನೂ ಓದಬಾರದೆಂದು.

"ಅಂದ್ರೆ ನೀವು ನೋಡ್ತಿದ್ದದ್ದು ಉಪ್ಪನ್ನ," ಎಂದಳು ಬೆರಳುಗಳ ಸಂದಿಯಿಂದ. "ನಾನು... ಥೂ! ಓಲೆ ಬೇರೆ ಕೊಂಡ್ಕೊಂಡೆ. ದೊಡ್ಡಮ್ಮಂಗೆ ಹೇಳ್ದೆ. ನಿಮ್ಮಕ್ಕಂಗೂ ಗೊತ್ತಾಯ್ತು. ಊರಿಗೆಲ್ಲ ಡಂಗುರ ಹೊಡೆಸ್ದೆ, ನನ್ನ ನೋಡ್ತಾನೆ ಅಂತ. ಎಂಥ ಕತ್ತೆ ನಾನು!"

"ಹಾಗಲ್ಲ..."

"ಹೇಗೆ ಮತ್ತೆ?"

ಅವನು ಗೋಡೆ ಹಿಡಿದು ಏಳುವಷ್ಟರಲ್ಲಿ ಅವಳು ಮೆಟ್ಟಿಲಿಳಿಯುತ್ತಿದ್ದಳು.

ಹೊಟ್ಟೆ ತಹಬಂದಿಗೆ ಬಂದ ಬೆಳಿಗ್ಗೆ ಅವನು ನೇರ ದೊಡ್ಡಮ್ಮನ ಮುಂದೆ ಹೋಗಿ ನಿಂತು, ಎಲ್ಲರೂ ಕೇಳುವ ಹಾಗೆಯೇ ಹೇಳಿಬಿಟ್ಟ. ಮೂಗಿಲ್ಲವೆಂದ. ಅವಳ ಮುಖ ಓದಿ ಅಡುಗೆ ಮಾಡಿದೆನೆಂದ. ಮದುವೆಯ ಮಾತು ಅವಳ ತಪ್ಪಲ್ಲ, ತನ್ನ ಮೋಸವೆಂದ.

ದೊಡ್ಡಮ್ಮ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು. "ಇಷ್ಟು ದಿನ ಮೂಗಿಲ್ಲದೋನ ಕೈಲಿ ಗಿರಾಕಿಗಳಿಗೆ ಬಡಿಸಿದೀವಿ! ಗ್ಯಾಸ್ ಸೋರಿದ್ರೆ ಏನ್ ಮಾಡ್ತಿದ್ದೆ ಬಡ್ಡಿಮಗನೇ? ನಮ್ಮೆಲ್ಲರನ್ನೂ ಹುರಿದು ತಟ್ಟೇಲಿ ಇಡ್ತಿದ್ದೆ."

"ಹೌದು ದೊಡ್ಡಮ್ಮ. ಕೆಲಸ ಬಿಡ್ತೀನಿ."

"ಬಿಡೋದಂತೆ! ಈ ಬೀದಿಗೆ ನಿನ್ನ ಕೈ ಬಿಟ್ರೆ ಇನ್ನೊಂದು ಕೈ ಎಲ್ಲಿದೆ? ಒಂಟಿಯಾಗಿ ಒಲೆ ಹಚ್ಚಬೇಡ. ರುಚಿ ನೋಡದೆ ಒಂದು ಸೌಟೂ ಹೊರಗೆ ಹೋಗಬಾರದು." ಗಲ್ಲಾದ ಕಡೆ ತಿರುಗಿದರು. "ನೋಡ್ತೀಯೇನೇ?"

"ರುಚಿ ನೋಡ್ತೀನಿ," ಎಂದಳು ಅವಳು. "ಬೇರೇನೂ ಇಲ್ಲ."

"ಆ ಬೇರೇನೋ ನಿಮ್ಮಿಬ್ಬರ ಒಲೆ. ನಾನು ಸೌಟು ಹಾಕಲ್ಲ," ಎಂದು ದೊಡ್ಡಮ್ಮ ಹೊರಟುಹೋದರು.

ಅಂದಿನಿಂದ ಅವಳು ಅಡುಗೆಮನೆಗೆ ಬರುತ್ತಿದ್ದಳು, ಚಮಚ ತೆಗೆದುಕೊಳ್ಳುತ್ತಿದ್ದಳು, ಅವನಿಗೆ ಬೆನ್ನು ತಿರುಗಿಸಿ ನಿಂತು ರುಚಿ ನೋಡುತ್ತಿದ್ದಳು. "ಉಪ್ಪು ಕಮ್ಮಿ." "ಹುಳಿ ಸಾಕು." "ಇನ್ನೂ ಬೇಯಬೇಕು." ಅಳತೆ ಮಾಡಿ ಕೊಟ್ಟ ಹಾಗೆ ಮಾತು, ಅದರ ಮೇಲೆ ಒಂದು ಕಾಳು ಹೆಚ್ಚಿಲ್ಲ. ಕಿವಿಯಲ್ಲಿ ನೀಲಿ ಓಲೆಯಿರಲಿಲ್ಲ. ಅವನಿಗೆ ಕಾಣುತ್ತಿದ್ದದ್ದು ಜಡೆ, ಮತ್ತೆ ಜಡೆಯ ಪಕ್ಕದಲ್ಲಿ ಸಿಟ್ಟಿನಿಂದ ನೆಟ್ಟಗೆ ನಿಂತ ಕತ್ತು.

ಭಾನುವಾರ ಮಧ್ಯಾಹ್ನದ ಗದ್ದಲ ಮುಗಿದ ಮೇಲೆ ಅವಳು ಬೆನ್ನು ತಿರುಗಿಸಿಕೊಂಡೇ ಹೇಳಿದಳು, "ನಾಳೆ ನೀವು ಬರಬೇಡಿ. ನಾನೊಬ್ಬಳೇ ಹೋಗಿ ತಿಂದು ಬಂದು ಹೇಳ್ತೀನಿ. ನಿಮಗೆ ಹೇಗೂ ಎಲ್ಲ ಹೋಟೆಲೂ ಒಂದೇ."

"ಒಂದೇ," ಎಂದ ಅವನು. "ಕಲ್ಲಿನ ಮೇಲೆ ಕೊಟ್ರೂ ಒಂದೇ, ಗಾಜಿನ ಮೇಲೆ ಕೊಟ್ರೂ ಒಂದೇ. ಆದ್ರೆ ಅದಲ್ಲ, ಇದಲ್ಲ ಅಂತ ನೀವು ಬೀದೀಲಿ ನಿಂತು ಜಗಳ ಆಡ್ತೀರಲ್ಲ, ಅದಕ್ಕೆ ಶನಿವಾರದಿಂದಲೇ ಕಾಯ್ತಿದ್ದೆ."

ಜಡೆ ಅಲುಗಲಿಲ್ಲ.

"ಅವತ್ತು ಅಂದ ಮಾತು..." ಅವನು ಹೆಗಲ ಬಟ್ಟೆಗೆ ಕೈ ಒರೆಸಿಕೊಂಡ. "ಬೆಂಕಿ ಬೀಳ್ಲಿ ನನ್ನ ಬಾಯಿಗೆ. ನಾನು ಹೆದರಿದ್ದೆ. ಹೆದರಿಕೆ ಆದ್ರೆ ನನಗೆ ಕಚ್ಚೋದು ಬಿಟ್ಟು ಬೇರೆ ಗೊತ್ತಿಲ್ಲ. ತಪ್ಪಾಯ್ತು."

"ಅದನ್ನ ಬಿಡಿ," ಎಂದಳು ಅವಳು ಗೋಡೆಗೆ. "ಒಂದು ಕೇಳ್ತೀನಿ, ನಿಜ ಹೇಳಿ. ನೋಡಿದ್ದೆಲ್ಲ ಬರೀ ರುಚಿಗಾ?"

"ಮೊದಮೊದಲು ರುಚಿಗೇ."

ಅವಳ ಭುಜ ಕುಸಿಯಿತು. ನಿಜ ಕೇಳಿದ್ದಳು, ನಿಜ ಸಿಕ್ಕಿತ್ತು.

"ಆಮೇಲೆ ನೀವು ನೀರು ಕುಡೀವಾಗಲೂ ನೋಡ್ತಿದ್ದೆ," ಎಂದ ಅವನು.

"ಏನು?"

"ನೀರು. ತಿಂದಾದ ಮೇಲೆ ಲೋಟ ಎತ್ತಿ ಕುಡೀತೀರಲ್ಲ, ಆಗ. ಅದರಲ್ಲಿ ಉಪ್ಪಿಲ್ಲ, ಹುಳಿಯಿಲ್ಲ. ಕದ್ದು ತಂದು ಪಾತ್ರೆಗೆ ಹಾಕೋಕೆ ಏನೂ ಇಲ್ಲ. ಆದ್ರೂ ಕಣ್ಣು ಕೀಳೋಕೆ ಆಗ್ತಿರಲಿಲ್ಲ. ಅದನ್ನ ಯಾಕೆ ನೋಡ್ತಿದೀನಿ ಅಂತ ನನಗೇ ನಾಚಿಕೆ ಆಗ್ತಿತ್ತು. ನನ್ನಂಥ ಮೂಗುಗೆಟ್ಟವನಿಗೆ ಈ ಆಸೆ ಯಾಕೆ ಅಂತ."

ಹೊರಗೆ ಯಾರೋ ಟೇಬಲ್ಲು ಒರೆಸುತ್ತಿದ್ದರು. ಅವಳು ಪಕ್ಕದ ಬಿಂದಿಗೆಯಿಂದ ಒಂದು ಲೋಟ ನೀರು ಬಗ್ಗಿಸಿಕೊಂಡಳು. ಕಿಟಕಿಯ ಕಡೆಗೆ, ಬಿಸಿಲು ಬೀಳುವ ಜಾಗಕ್ಕೆ ಸರಿದು, ಅವನ ಕಡೆ ತಿರುಗಿದಳು. ಕಣ್ಣು ಒದ್ದೆಯಾಗಿತ್ತು. ತುಟಿ ಇನ್ನೂ ಸಿಟ್ಟಿನಲ್ಲಿತ್ತು.

"ನೋಡು," ಎಂದಳು.

ಲೋಟವನ್ನು ತುಟಿಗಿಟ್ಟು, ಅವಸರವಿಲ್ಲದೆ, ತಳ ಕಾಣುವವರೆಗೆ ಕುಡಿದಳು.